ಕಾರಿಲ್ಲದೆ ಎರಡು ರಾತ್ರಿ ಮೈಸೂರು: ಅಮ್ಮ, ಮಗ ಜೊತೆಗಿದ್ರೆ ಹೇಗೆ ಪ್ಲಾನ್ ಮಾಡೋದು?

ಪ್ರಶ್ನೆ: ನಾವಿರೋದು ಬೆಂಗಳೂರು ವಿಜಯನಗರದಲ್ಲಿ. ನಾನು, ನಮ್ಮಮ್ಮ (68 ವರ್ಷ, ಮಂಡಿನೋವು ಇದೆ), ಒಂಬತ್ತು ವರ್ಷದ ಮಗ, ಮೂರು ಜನ ಮೈಸೂರಿಗೆ ಹೋಗಿ ಎರಡು ರಾತ್ರಿ ಇದ್ದು ಬರೋಣ ಅಂತಿದೀವಿ. ಕಾರಿಲ್ಲ, ನನಗೆ ಡ್ರೈವಿಂಗೂ ಬರಲ್ಲ. ವಯಸ್ಸಾದವರು ಇದಾರೆ, ಸುಮ್ನೆ ಎರಡು ದಿನಕ್ಕೆ ಕ್ಯಾಬ್ ಮಾಡ್ಕೊಂಡು ಹೋಗ್ಬಿಡಿ ಅಂತ ಎಲ್ರೂ ಹೇಳ್ತಿದಾರೆ. ಕ್ಯಾಬ್ ಇಲ್ದೆ ಆಗಲ್ವಾ? ಇನ್ನೊಂದು, ವೀಕೆಂಡ್ ಜೊತೆ ಒಂದೇ ಒಂದು ದಿನ ರಜೆ ಸಿಗುತ್ತೆ, ಶುಕ್ರವಾರ ಹಾಕ್ಲಾ ಸೋಮವಾರ ಹಾಕ್ಲಾ?

ಉತ್ತರ:

ರಜೆ ಸೋಮವಾರ ಹಾಕಿ. ಕ್ಯಾಬ್ ಬೇಡ. ಅಮ್ಮನ ಮಂಡಿ ಬಗ್ಗೆ ನೀವು ಯೋಚನೆ ಮಾಡ್ತಿರೋದು ಸರಿಯಾಗೇ ಇದೆ, ಆದ್ರೆ ಅದಕ್ಕೆ ಪರಿಹಾರ ಎರಡು ದಿನದ ಕ್ಯಾಬ್ ಅಲ್ಲ, ರೂಮ್ ಎಲ್ಲಿ ಮಾಡ್ತೀರಿ ಅನ್ನೋದು.

ಯಾಕೆ ಅಂತ ಹೇಳ್ತೀನಿ. ಔಟ್‌ಸ್ಟೇಷನ್ ಕ್ಯಾಬ್‌ನವರು ದಿನಕ್ಕೆ ಕನಿಷ್ಠ ಇಷ್ಟು ಕಿಲೋಮೀಟರ್ ಅಂತ ಲೆಕ್ಕ ಹಾಕ್ತಾರೆ, ನೀವು ಅಷ್ಟು ಓಡಿಸ್ಲಿ ಬಿಡ್ಲಿ ಅಷ್ಟು ದುಡ್ಡು ಕೊಡ್ಲೇಬೇಕು, ಮೇಲೆ ಡ್ರೈವರ್ ಬಾಟಾ, ಟೋಲ್, ಪಾರ್ಕಿಂಗ್. ಆದ್ರೆ ಮೈಸೂರಲ್ಲಿ ನೀವು ನೋಡೋ ಜಾಗ ಎಲ್ಲಾ ಹತ್ರ ಹತ್ರ. ರೈಲ್ವೆ ಸ್ಟೇಷನ್‌ನಿಂದ ಅರಮನೆಗೆ ಎರಡು ಕಿಲೋಮೀಟರ್ ಇದ್ರೆ ಹೆಚ್ಚು, ಅರಮನೆಯಿಂದ ಝೂಗೂ ಹೆಚ್ಚುಕಮ್ಮಿ ಅಷ್ಟೇ, ದೇವರಾಜ ಮಾರ್ಕೆಟ್, ಜಗನ್ಮೋಹನ ಅರಮನೆ, ದೊಡ್ಡ ಗಡಿಯಾರ ಎಲ್ಲಾ ಮಧ್ಯದಲ್ಲೇ ಬರುತ್ತೆ. ಇಷ್ಟಕ್ಕೆ ಕ್ಯಾಬ್ ಇಟ್ಕೊಂಡ್ರೆ ಗಾಡಿ ದಿನವಿಡೀ ಪಾರ್ಕಿಂಗಲ್ಲಿ ನಿಂತಿರುತ್ತೆ, ದುಡ್ಡು ಓಡ್ತಿರುತ್ತೆ. ಅದಕ್ಕಿಂತ ಕೆಟ್ಟದ್ದು ಏನಂದ್ರೆ, ಕೊಟ್ಟ ದುಡ್ಡು ದಂಡ ಆಗ್ಬಾರ್ದು ಅಂತ ಜನ ಲಿಸ್ಟ್ ಉದ್ದ ಮಾಡ್ಕೊಳ್ತಾರೆ, ಒಂದೇ ದಿನ ಶ್ರೀರಂಗಪಟ್ಟಣ, ನಿಮಿಷಾಂಬ, ಝೂ, ಅರಮನೆ, ಚಾಮುಂಡಿ ಬೆಟ್ಟ, ಸಂಜೆ ಬೃಂದಾವನ ಅಂತ, ವಯಸ್ಸಾದವರು ಗಾಡಿ ಹತ್ತಿ ಇಳಿದು ಹತ್ತಿ ಇಳಿದೇ ಸುಸ್ತಾಗಿಬಿಡ್ತಾರೆ. ಮಂಡಿನೋವು ಇರೋರಿಗೆ ಸಮತಟ್ಟು ರಸ್ತೇಲಿ ನಿಧಾನವಾಗಿ ಹತ್ತು ನಿಮಿಷ ನಡೆಯೋದಕ್ಕಿಂತ ಎಷ್ಟೋ ಸಲ ಈ ಹತ್ತೋದು ಇಳಿಯೋದೇ ಜಾಸ್ತಿ ಕಷ್ಟ.

ಹಾಗಾಗಿ ಮೊದಲು ರೂಮ್. ಗಾಂಧಿ ಸ್ಕ್ವೇರ್, ಧನ್ವಂತರಿ ರಸ್ತೆ, ಜೆಎಲ್‌ಬಿ ರೋಡ್‌ನ ಸ್ಟೇಷನ್ ಕಡೆ ಭಾಗ, ಈ ಏರಿಯಾ ಬಿಟ್ಟು ಆಚೆ ಹೋಗ್ಬೇಡಿ. ಆ್ಯಪಲ್ಲಿ ನೋಡಿದ್ರೆ ರಿಂಗ್ ರೋಡ್ ಪಕ್ಕ, ಹೆಬ್ಬಾಳ ಕಡೆ ಇನ್ನೂ ಹೊಸ ಹೋಟೆಲ್, ಫೋಟೋ ಚೆನ್ನಾಗಿರೋದು, ಬೆಲೆನೂ ಕಮ್ಮಿ ತೋರಿಸುತ್ತೆ. ಕಾರಿದ್ದವರಿಗೆ ಅದು ಸರಿ. ನಿಮಗೆ ಸರಿಹೋಗಲ್ಲ, ಯಾಕಂದ್ರೆ ಮಧ್ಯಾಹ್ನ ಊಟ ಆದ್ಮೇಲೆ ಅಮ್ಮ ಸ್ವಲ್ಪ ಹೊತ್ತು ಮಲಗ್ಬೇಕು ಅಂದ್ರೆ ಅಷ್ಟು ದೂರ ವಾಪಸ್ ಹೋಗಿ ಬರೋಕಾಗಲ್ಲ. ಕಾರಿಲ್ಲದ ಟ್ರಿಪ್‌ನಲ್ಲಿ ಮಧ್ಯಾಹ್ನ ರೂಮಿಗೆ ಬಂದು ಕಾಲು ಚಾಚೋಕೆ ಆಗುತ್ತಾ ಇಲ್ವಾ ಅನ್ನೋದ್ರ ಮೇಲೇ ಸಂಜೆ ಹೇಗಿರುತ್ತೆ ಅನ್ನೋದು ನಿಂತಿದೆ, ನನ್ನ ಪ್ರಕಾರ ಇಡೀ ಪ್ಲಾನಲ್ಲಿ ಇದಕ್ಕಿಂತ ಮುಖ್ಯವಾದ ವಿಷಯ ಇನ್ನೊಂದಿಲ್ಲ.

ಬುಕ್ ಮಾಡೋ ಮುಂಚೆ ಲಾಡ್ಜಿಗೆ ಫೋನ್ ಮಾಡಿ ಕೇಳಿ. ಲಿಫ್ಟ್ ಇದ್ಯಾ, ಇದ್ರೂ ರಿಸೆಪ್ಷನ್ನಿಗೆ ಹೋಗೋಕೇ ಮೆಟ್ಟಿಲು ಹತ್ಬೇಕಾ? ವೆಸ್ಟರ್ನ್ ಟಾಯ್ಲೆಟ್ಟಾ? ಬಿಸಿನೀರು ದಿನವಿಡೀ ಬರುತ್ತಾ, ಬೆಳಗ್ಗೆ ಮಾತ್ರನಾ? ಚೆಕ್‌ಔಟ್ ಮಧ್ಯಾಹ್ನ 12ಕ್ಕಾ ಅಥವಾ 24 ಗಂಟೆ ಲೆಕ್ಕನಾ? ಕೊನೇದನ್ನ ಮರೀಬೇಡಿ. 24 ಗಂಟೆ ಲೆಕ್ಕ ಇರೋ ಲಾಡ್ಜ್ ಆದ್ರೆ ಶನಿವಾರ 11ಕ್ಕೆ ಬಂದವರು ಸೋಮವಾರ 11ರ ತನಕ ಆರಾಮಾಗಿ ಇರ್ಬಹುದು, 12ರ ಲೆಕ್ಕದವರಾದ್ರೆ ಬೇಗ ಬಂದ್ರೆ ರೂಮ್ ಕೊಡ್ತೀರಾ ಅಂತ ಮೊದಲೇ ಕೇಳಿ ಇಟ್ಕೊಬೇಕು, ಇಲ್ಲಾಂದ್ರೆ ಬ್ಯಾಗ್ ಇಟ್ಕೊಂಡು ಕಾಯ್ತಾ ಕೂರ್ಬೇಕಾಗುತ್ತೆ. ಕೆಎಸ್‌ಟಿಡಿಸಿಯವರ (ಸರ್ಕಾರಿ ಪ್ರವಾಸೋದ್ಯಮ ನಿಗಮ) ಹೋಟೆಲ್ ಮಯೂರ ಹೊಯ್ಸಳ ಕೂಡ ಜೆಎಲ್‌ಬಿ ರೋಡಲ್ಲೇ ಇದೆ, ಅದನ್ನೂ ವಿಚಾರಿಸಿ.

ಈಗ ಸೋಮವಾರ ಯಾಕೆ ಅಂದೆ ಅಂತ. ಅರಮನೆ ದೀಪಾಲಂಕಾರ ಪೂರ್ತಿಯಾಗಿ ಇರೋದು ಭಾನುವಾರ ಮತ್ತೆ ಸರ್ಕಾರಿ ರಜಾ ದಿನ ಸಂಜೆ 7ಕ್ಕೆ, ಮುಕ್ಕಾಲು ಗಂಟೆ ಹೊತ್ತು. ಬೇರೆ ದಿನ ಸೌಂಡ್ ಅಂಡ್ ಲೈಟ್ ಶೋ ಇರುತ್ತೆ, ಅದರ ಕೊನೇಲಿ ಕೆಲವೇ ನಿಮಿಷ ದೀಪ ಹಾಕ್ತಾರೆ. ಶುಕ್ರವಾರ ರಜೆ ಹಾಕಿ ಭಾನುವಾರ ಸಂಜೆ ವಾಪಸ್ ಹೊರಟ್ರೆ, ದೀಪ ಹತ್ತೋ ಹೊತ್ತಿಗೆ ನೀವು ಸ್ಟೇಷನ್‌ನಲ್ಲಿರ್ತೀರಿ, ಅದೂ ಇಡೀ ವಾರದಲ್ಲೇ ಬೆಂಗಳೂರು ಕಡೆ ಹೆಚ್ಚು ರಶ್ ಇರೋ ಟೈಮಲ್ಲಿ, ಬಸ್ಸೂ ತುಂಬಿರುತ್ತೆ ಟ್ರೈನೂ ತುಂಬಿರುತ್ತೆ. ಸೋಮವಾರ ಮಧ್ಯಾಹ್ನ ಅಷ್ಟು ರಶ್ ಇರಲ್ಲ.

ಹೋಗೋದು ಟ್ರೈನಲ್ಲೋ ಬಸ್ಸಲ್ಲೋ? ನೀವು ವಿಜಯನಗರದಲ್ಲಿರೋದ್ರಿಂದ ಎರಡೂ ಮೆಟ್ರೋ ಪರ್ಪಲ್ ಲೈನಲ್ಲೇ ಸಿಗುತ್ತೆ, ಈ ಕಡೆ ಸಿಟಿ ರೈಲ್ವೆ ಸ್ಟೇಷನ್, ಆ ಕಡೆ ಎರಡನೇ ಸ್ಟಾಪು ದೀಪಾಂಜಲಿನಗರ, ಅಲ್ಲಿಂದ ಮೈಸೂರು ರೋಡ್ ಸ್ಯಾಟಲೈಟ್ ಬಸ್ ಸ್ಟ್ಯಾಂಡ್ ಹತ್ರ. ನೀವೊಬ್ರೇ ಹೊರಟಿದ್ರೆ ಬಸ್ ಅಂತಿದ್ದೆ, ರಿಸರ್ವೇಷನ್ ಬೇಕಾಗಿಲ್ಲ, ಒಂದು ಹೋದ್ರೆ ಇನ್ನೊಂದು ಇರುತ್ತೆ. ಅಮ್ಮ ಇದಾರೆ ಅಂದ್ರೆ ಟ್ರೈನೇ ಸರಿ. ಕಾರಣ ಟಾಯ್ಲೆಟ್. ಬಸ್ಸಲ್ಲಿ ಎಲ್ಲಿ ನಿಲ್ಲಿಸ್ತಾರೋ ಅಂತ ವಯಸ್ಸಾದವರು ಬೆಳಗ್ಗೆಯಿಂದ ನೀರೇ ಕುಡಿಯಲ್ಲ, ಬಾಯಿ ಬಿಟ್ಟು ಹೇಳೋದೂ ಇಲ್ಲ, ಮೈಸೂರು ಮುಟ್ಟೋ ಹೊತ್ತಿಗೆ ತಲೆನೋವು ಶುರುವಾಗಿರುತ್ತೆ. ಟ್ರೈನಲ್ಲಿ ಎದ್ದು ಓಡಾಡಬಹುದು, ಕಾಲು ಚಾಚಬಹುದು.

ಬೆಳಗ್ಗೆ ಹೊತ್ತು ಬೇರೆ ಊರಿಂದ ರಾತ್ರಿಯಿಡೀ ಬಂದು ಬೆಂಗಳೂರು ಮೇಲೆ ಮೈಸೂರಿಗೆ ಹೋಗೋ ಟ್ರೈನ್‌ಗಳಿರ್ತವೆ, ಹುಬ್ಬಳ್ಳಿ ಕಡೆಯಿಂದ ಹಂಪಿ ಎಕ್ಸ್‌ಪ್ರೆಸ್ ಥರದವು. ಬೆಂಗಳೂರಲ್ಲಿ ಬಹಳಷ್ಟು ಜನ ಇಳಿದುಬಿಡ್ತಾರೆ, ಸ್ಲೀಪರ್ ಕೋಚಲ್ಲಿ ಜಾಗ ಖಾಲಿಯಾಗುತ್ತೆ. ಬೆಂಗಳೂರು–ಮೈಸೂರಿಗೆ ಮಾತ್ರ ಸ್ಲೀಪರ್ ಟಿಕೆಟ್ ತಗೊಂಡು ಅಮ್ಮನಿಗೆ ಲೋವರ್ ಬರ್ತ್ ಹಾಕಿ, ಬೇಕಾದ್ರೆ ಮಲಗ್ಲಿ. ದೂರದಿಂದ ಬರೋ ಟ್ರೈನ್ ಆದ್ರಿಂದ ಲೇಟ್ ಆಗೋದು ಉಂಟು, ಮನೆ ಬಿಡೋ ಮುಂಚೆ ಎಲ್ಲಿದೆ ಅಂತ ಮೊಬೈಲಲ್ಲಿ ನೋಡ್ಕೊಂಡೇ ಹೊರಡಿ. ಮಗನಿಗೆ ಒಂಬತ್ತು ವರ್ಷ, ಐದರಿಂದ ಹನ್ನೆರಡರ ಒಳಗಿನ ಮಕ್ಕಳಿಗೆ ಬರ್ತ್ ಬೇಡ ಅಂದ್ರೆ ಅರ್ಧ ಚಾರ್ಜು, ಬರ್ತ್ ಬೇಕು ಅಂದ್ರೆ ಪೂರ್ತಿ. ಹಗಲು ಪ್ರಯಾಣ, ಆದ್ರೂ ಅಜ್ಜಿ ಮಲಗ್ಬೇಕು ಅಂದ್ರೆ ಅವನಿಗೊಂದು ಜಾಗ ಇರ್ಲಿ, ಪೂರ್ತಿ ಟಿಕೆಟ್ಟೇ ತಗೊಳ್ಳಿ. ರಿಸರ್ವೇಷನ್ 60 ದಿನ ಮುಂಚೆ ಓಪನ್ ಆಗುತ್ತೆ. ಹೋಗೋದು ಬರೋದು ಎರಡನ್ನೂ ಒಟ್ಟಿಗೇ ಮಾಡಿಬಿಡಿ.

ದಾರೀಲಿ ಮಗನ್ನ ಕಿಟಕಿ ಪಕ್ಕ ಕೂರಿಸಿ. ರಾಮನಗರದ ಬಂಡೆ ಬೆಟ್ಟಗಳು, ಮದ್ದೂರು ಹತ್ರ ಬಂದ್ರೆ ಬುಟ್ಟಿ ಹಿಡ್ಕೊಂಡು ವಡೆ ವಡೆ ಅಂತ ಬರೋರು, ಮಂಡ್ಯದ ಕಬ್ಬು ಗದ್ದೆ. ಶ್ರೀರಂಗಪಟ್ಟಣ ಸ್ಟೇಷನ್ನಿಗೆ ಮುಂಚೆ ಒಂದ್ಸಲ, ಆಮೇಲೆ ಒಂದ್ಸಲ ಟ್ರೈನ್ ಕಾವೇರಿ ದಾಟುತ್ತೆ, ಊರು ದ್ವೀಪದಲ್ಲಿದೆ ಅನ್ನೋದು ಅವನಿಗೆ ಪಾಠ ಮಾಡದೇನೇ ಗೊತ್ತಾಗುತ್ತೆ. ಅಲ್ಲೇ ಇನ್ನೊಂದು ಹೇಳಿ. ಈ ಲೈನನ್ನ ಡಬಲ್ ಮಾಡುವಾಗ ಟಿಪ್ಪು ಕಾಲದ ಮದ್ದಿನಮನೆ ಒಂದು ಅಡ್ಡ ಬಂತು, ಅದನ್ನ ಒಡೆಯದೆ 2017ರಲ್ಲಿ ಇಡೀ ಕಟ್ಟಡವನ್ನೇ ಬುಡಸಮೇತ ಎತ್ತಿ, ಜಾಕ್ ಕೊಟ್ಟು ನೂರು ಮೀಟರಿಗಿಂತ ದೂರ ಸರಿಸಿ ಇಟ್ರು. ಆ ವಯಸ್ಸಿನ ಹುಡುಗರು ಇಂಥದ್ದನ್ನ ಮರೆಯಲ್ಲ.

ಶನಿವಾರ ಮೈಸೂರಲ್ಲಿ ಇಳಿದು ಆಟೋ ಮಾಡ್ಕೊಂಡು ರೂಮಿಗೆ, ಊಟ, ಸ್ವಲ್ಪ ರೆಸ್ಟ್, ಮೂರು ಗಂಟೆಗೆ ಅರಮನೆ ಒಳಗೆ. ಭಾನುವಾರ ಒಳಗೆ ಹೋಗ್ಬೇಡಿ, ಜನ ಜಾಸ್ತಿ. ಒಂದು ವಿಷಯ ನೆನಪಿಡಿ, ನೋಡೋಕೆ ಬರೋರಿಗೆ ಟಿಕೆಟ್ ಕೊಡೋದು ದಕ್ಷಿಣದ ವರಾಹ ಗೇಟಲ್ಲಿ. ಸಿಟಿ ಬಸ್ ಸ್ಟ್ಯಾಂಡ್ ಇರೋದು ಇನ್ನೊಂದು ಕಡೆ. ಅರಮನೆ ಎದುರಿಗೇ ಕಾಣ್ತಿದೆ ಅಂತ ನಡೆಯೋಕೆ ಶುರು ಮಾಡಿದ್ರೆ ಕಾಂಪೌಂಡ್ ಸುತ್ತೋದ್ರಲ್ಲೇ ಅಮ್ಮನ ಶಕ್ತಿ ಮುಗಿದುಹೋಗುತ್ತೆ, ಅದಕ್ಕೇ ರೂಮಿಂದ ಆಟೋದವರಿಗೆ ‘ವರಾಹ ಗೇಟ್’ ಅಂತಾನೇ ಹೇಳಿ ಹತ್ತಿ. ಚಪ್ಪಲಿ ಹೊರಗೆ ಬಿಡ್ಬೇಕು, ಒಳಗೆಲ್ಲ ಬರಿಗಾಲು, ಅಮ್ಮನಿಗೆ ಕಾಲು ತಣ್ಣಗಾದ್ರೆ ನೋವು ಬರುತ್ತೆ ಅಂದ್ರೆ ಸಾಕ್ಸ್ ಇಟ್ಕೊಳ್ಳಿ, ಆದ್ರೆ ನುಣುಪು ನೆಲದಲ್ಲಿ ಜಾರದೇ ಇರೋ ಥರದ್ದು. ಸಂಜೆ 5:30ಕ್ಕೆ ಮುಚ್ಚುತ್ತೆ, ಮೂರಕ್ಕೆ ಹೋದ್ರೆ ಧಾರಾಳ ಟೈಮ್ ಸಿಗುತ್ತೆ. ಈಗಿರೋ ಅರಮನೆ ಬಹಳ ಹಳೇದೇನಲ್ಲ, ಅದಕ್ಕೂ ಮುಂಚೆ ಇದ್ದ ಮರದ ಅರಮನೆ 1897ರಲ್ಲಿ ರಾಜಕುಮಾರಿ ಜಯಲಕ್ಷಮ್ಮಣ್ಣಿಯವರ ಮದುವೆ ಟೈಮಲ್ಲಿ ಬೆಂಕಿ ಬಿದ್ದು ಹೋಯ್ತು, ಆಮೇಲೆ ಹೆನ್ರಿ ಇರ್ವಿನ್ ಪ್ಲಾನ್ ಮಾಡಿದ್ದು ಇದು, 1912ರಲ್ಲಿ ಮುಗೀತು. ಕಲ್ಯಾಣ ಮಂಟಪದಲ್ಲಿ ಜನ ಮೇಲಿನ ನವಿಲು ಗಾಜು ನೋಡಿ ಮುಂದಕ್ಕೆ ಹೋಗ್ಬಿಡ್ತಾರೆ. ನೀವು ಗೋಡೆ ಸುತ್ತ ಇರೋ ದಸರಾ ಮೆರವಣಿಗೆ ಪೇಂಟಿಂಗ್‌ಗಳ ಹತ್ರ ನಿಂತ್ಕೊಳ್ಳಿ, ಆನೆ, ಕುದುರೆ, ಬ್ಯಾಂಡ್‌ನವರು, ರಸ್ತೆ ಬದೀಲಿ ನಿಂತ ಜನ, ಒಂದೊಂದು ಮುಖವೂ ಬೇರೆ ಬೇರೆ.

ಅಲ್ಲಿಂದ ಆಟೋದಲ್ಲಿ ಚಿಕ್ಕ ಗಡಿಯಾರದ ಹತ್ರ ಇಳಿದು ದೇವರಾಜ ಮಾರ್ಕೆಟ್. ಇದನ್ನ ದಯವಿಟ್ಟು ಬಿಡ್ಬೇಡಿ. ಒಳಗೆ ಹೋದ್ರೆ ಹೂವಿನ ಸಾಲು, ಮಲ್ಲಿಗೆ ಕಟ್ತಾ ಕೂತಿರೋರ ಕೈ ಒಂದ್ನಿಮಿಷನೂ ನಿಲ್ಲಲ್ಲ, ಮಾತಾಡ್ತಾನೇ ಎರಡು ಮೊಗ್ಗು ಈ ಕಡೆ ಎರಡು ಮೊಗ್ಗು ಆ ಕಡೆ ಇಟ್ಟು ದಾರ ಸುತ್ತಿ ಎಳೆದುಬಿಡ್ತಾರೆ. ಕುಂಕುಮದ ಅಂಗಡೀಲಿ ಕೆಂಪು, ಹಳದಿ, ನೀಲಿ, ರಾಣಿ ಬಣ್ಣದ ಪುಡಿಗಳನ್ನ ಗೋಪುರದ ಥರ ತುದಿ ಚೂಪಾಗಿ ಪೇರಿಸಿಟ್ಟಿರ್ತಾರೆ. ಬಾಳೆಹಣ್ಣಿನ ಕಡೆ ಹೋಗಿ ನಂಜನಗೂಡು ರಸಬಾಳೆ ಇದ್ಯಾ ಅಂತ ಕೇಳಿ, ಎಲ್ಲಾ ದಿನ ಸಿಗಲ್ಲ, ಸಿಕ್ರೆ ಅಮ್ಮ ವಾಸನೇಲೇ ಗುರುತು ಹಿಡೀತಾರೆ. ನೆಲ ಕೆಲವು ಕಡೆ ಒದ್ದೆ ಇರುತ್ತೆ, ಕಲ್ಲು ಏರುಪೇರು, ಅಲ್ಲಿ ಮಾತ್ರ ಅಮ್ಮನ ಕೈ ಬಿಡ್ಬೇಡಿ. ಅದೇ ಸಯ್ಯಾಜಿರಾವ್ ರಸ್ತೇಲಿ ಗುರು ಸ್ವೀಟ್ಸ್ ಇದೆ, ಅರಮನೆ ಅಡುಗೆಯವರಾದ ಕಾಕಾಸುರ ಮಾದಪ್ಪನವರ ವಂಶದವರದ್ದು, ಮೈಸೂರು ಪಾಕ್ ಅಲ್ಲೇ ತಗೊಳ್ಳಿ, ಆದ್ರೆ ಶನಿವಾರ ಸ್ವಲ್ಪ ತಿನ್ನೋಕೆ ಮಾತ್ರ, ಊರಿಗೆ ಒಯ್ಯೋದನ್ನ ಕೊನೆಗೆ ಇಟ್ಕೊಳ್ಳಿ.

ಭಾನುವಾರ ಬೆಳಗ್ಗೆ ಚಾಮುಂಡಿ ಬೆಟ್ಟ. ಸಿಟಿ ಬಸ್ ಸ್ಟ್ಯಾಂಡಿಂದ 201ನೇ ನಂಬರ್ ಬಸ್, ಏಳು ಗಂಟೆ ಒಳಗೆ ಹತ್ತಿದ್ರೆ ಸೀಟೂ ಸಿಗುತ್ತೆ, ದೇವಸ್ಥಾನದಲ್ಲಿ ಕ್ಯೂನೂ ಕಮ್ಮಿ. ಬೇಗ ಹೋಗೋಕೆ ಹೇಳ್ತಿರೋದು ಇದೊಂದೇ ದಿನ, ಅಮ್ಮನನ್ನ ಒಪ್ಪಿಸಿ. ಸಾಮಾನ್ಯ ಬಸ್ಸಲ್ಲಿ ಶಕ್ತಿ ಯೋಜನೆ ಇರೋದ್ರಿಂದ ನಿಮ್ಮಿಬ್ರಿಗೂ ಜೀರೋ ಟಿಕೆಟ್, ಮಗನಿಗೆ ಮಾತ್ರ ಅರ್ಧ ಟಿಕೆಟ್. ಆಧಾರ್ ಕೈಯಲ್ಲೇ ಇಟ್ಕೊಳ್ಳಿ, ಮತ್ತೆ ಫ್ರೀ ಅಂತ ಸುಮ್ನೆ ಕೂರ್ಬೇಡಿ, ಕಂಡಕ್ಟರ್ ಹತ್ರ ಆ ಜೀರೋ ಟಿಕೆಟ್ ಇಸ್ಕೊಳ್ಳೇಬೇಕು. ಎಸಿ ಬಸ್ಸಿಗೆ ಇದು ನಡೆಯಲ್ಲ, ಅದಕ್ಕೆ ಮೂರು ಜನಕ್ಕೂ ದುಡ್ಡು ಕೊಡ್ಬೇಕು. ಬೆಟ್ಟ ಹತ್ತುವಾಗ ತಿರುವಲ್ಲಿ ಇಡೀ ಊರು ಕೆಳಗೆ ಕಾಣುತ್ತೆ, ಬಿಳೀ ಲಲಿತಮಹಲ್ ಎಲ್ಲಿದೆ ಅಂತ ಮಗನಿಗೆ ಹುಡುಕೋಕೆ ಹೇಳಿ. ಬಸ್ ಮೇಲೇ ಬಿಡುತ್ತೆ, ಮಹಿಷಾಸುರನ ಪ್ರತಿಮೆ ಹತ್ರ, ಅಲ್ಲಿಂದ ದೇವಸ್ಥಾನಕ್ಕೆ ನಿಧಾನವಾಗಿ ನಡೆದ್ರೆ ಸಾಕು. ಒಟ್ಟು ಸುಮಾರು ಸಾವಿರ ಮೆಟ್ಟಿಲ ದಾರಿ ಇದೆಯಲ್ಲ, ದೊಡ್ಡ ನಂದಿ ಇರೋದು ಆ ದಾರಿ ಮಧ್ಯದಲ್ಲಿ, ಮೇಲಿಂದ ಇಳಿದ್ರೂ ಮುನ್ನೂರು ಮೆಟ್ಟಿಲು ಬರುತ್ತೆ. ಮಂಡಿನೋವಿಗೆ ಹತ್ತೋದಕ್ಕಿಂತ ಇಳಿಯೋದೇ ಕಷ್ಟ, ಇಳಿಯೋದಷ್ಟೇ ತಾನೆ ಅಂತ ಅಮ್ಮನನ್ನ ಹೊರಡಿಸ್ಬೇಡಿ. ಅವರಿಗೆ ನಂದಿ ನೋಡ್ಲೇಬೇಕು ಅಂತಿದ್ರೆ ಅಲ್ಲಿಗೆ ರಸ್ತೆನೂ ಇದೆ, ಆಟೋದಲ್ಲಿ ಹೋಗ್ಬಹುದು. ಆಷಾಢ ಮಾಸ ಆಗಿದ್ರೆ ಈ ಬೆಟ್ಟದ ಪ್ಲಾನೇ ಬೇಡ, ಅಷ್ಟು ಜನ ಇರ್ತಾರೆ.

ಹತ್ತೂವರೆ ಹನ್ನೊಂದಕ್ಕೆ ಕೆಳಗೆ ಬಂದಿರ್ತೀರಿ. ಮಗನಿಗೆ ಇನ್ನೂ ಉತ್ಸಾಹ ಇದ್ರೆ ಜಗನ್ಮೋಹನ ಅರಮನೆ ನೋಡಿ, ರವಿವರ್ಮನ ಚಿತ್ರಗಳಿವೆ, ಹಲ್ದಣಕರ್ ಅವರ ದೀಪ ಹಿಡಿದ ಹೆಂಗಸಿನ ಚಿತ್ರ ಇದೆ. ಇಲ್ಲಾಂದ್ರೆ ಬಿಡಿ, ಮಲಗಿ ಎದ್ದೇಳಿ. ಸಂಜೆ ಆರೂವರೆಗೆಲ್ಲ ಅರಮನೆ ಹತ್ರ ಇರಿ. ಸುಮಾರು ಒಂದು ಲಕ್ಷ ಬಲ್ಬು, ಎಲ್ಲಾ ಒಟ್ಟಿಗೆ ಹತ್ತೋ ಆ ಒಂದು ಕ್ಷಣಕ್ಕೋಸ್ಕರನೇ ಬೇಗ ಹೋಗೋದು, ಹತ್ತಿ ಆದ್ಮೇಲೆ ಹೋದ್ರೆ ಅರ್ಧ ಮಜಾ ಹೋಗಿರುತ್ತೆ. ಒಳಗಿನ ಜನಜಂಗುಳಿ ಅಮ್ಮನಿಗೆ ಆಗಲ್ಲ ಅಂದ್ರೆ ಪೂರ್ವದ ಜಯಮಾರ್ತಾಂಡ ಗೇಟ್ ಹೊರಗಡೆಯಿಂದಲೇ ಮುಂಭಾಗ ಎದುರಿಗೆ ಕಾಣುತ್ತೆ, ಅರಮನೆ ಮುಖ ಇರೋದು ಆ ಕಡೆಗೇ. ಮುಗಿದ ತಕ್ಷಣ ಆಟೋ ಹಿಡಿಯೋಕೆ ಹೋಗ್ಬೇಡಿ, ಎಲ್ರೂ ಅದನ್ನೇ ಮಾಡ್ತಾರೆ, ಕೇಳಿದ್ದೇ ರೇಟು. ಒಂದು ಇಪ್ಪತ್ತು ನಿಮಿಷ ಎಲ್ಲಾದ್ರೂ ಕೂತು ಆಮೇಲೆ ಹೊರಡಿ, ಅಥವಾ ‘ನಮ್ಮ ಯಾತ್ರಿ’ ಆಟೋ ಆ್ಯಪಲ್ಲಿ ಬುಕ್ ಮಾಡಿ, ಮೈಸೂರಲ್ಲೂ ಇದೆ.

ಇಷ್ಟರಲ್ಲಿ ಬೃಂದಾವನ ಎಲ್ಲಿ ಅಂತ ಕೇಳ್ತೀರಿ. ಈ ಸಲ ಬೇಡ ಅಂತ ಖಡಾಖಂಡಿತವಾಗಿ ಹೇಳ್ತೀನಿ. ಸಿಟಿ ಬಸ್ ಸ್ಟ್ಯಾಂಡಿಂದ ಬಸ್ ಏನೋ ಇದೆ, ಆದ್ರೆ ಅಲ್ಲಿ ಜನ ನೋಡೋದು ಕತ್ತಲಾದ ಮೇಲೆ ಫೌಂಟನ್, ಅದು ಮುಗಿದ ಕೂಡ್ಲೇ ಎಲ್ರೂ ಒಟ್ಟಿಗೆ ಬಸ್ಸಿಗೆ ನುಗ್ತಾರೆ, ಅದಕ್ಕೂ ಮುಂಚೆ ತೋಟದಲ್ಲಿ ಮೆಟ್ಟಿಲು ಇಳಿದು ಹತ್ತಿ ಆಗಿರುತ್ತೆ. ಸೋಮನಾಥಪುರ ಬೇರೆ ವಿಷಯ. ಹದಿಮೂರನೇ ಶತಮಾನದ ಹೊಯ್ಸಳ ದೇವಸ್ಥಾನ, 2023ರಲ್ಲಿ ಬೇಲೂರು, ಹಳೇಬೀಡು ಜೊತೆ ವಿಶ್ವಪರಂಪರೆ ಪಟ್ಟಿಗೆ ಸೇರ್ತು, ಬಸ್ಸಲ್ಲಿ ಹೋಗ್ಬೇಕಂದ್ರೆ ಮಧ್ಯೆ ಬದಲಾಯಿಸ್ಬೇಕು. ಅಮ್ಮನಿಗೆ ಅದನ್ನ ನೋಡೋ ಆಸೆ ಇದ್ರೆ ಅದೊಂದಕ್ಕೆ ಮೈಸೂರಿಂದಲೇ ಅರ್ಧ ದಿನದ ಕ್ಯಾಬ್ ಮಾಡಿ, ಭಾನುವಾರ ಬೆಟ್ಟದ ಬದಲು. ಕ್ಯಾಬಿಗೆ ದುಡ್ಡು ಹಾಕೋದಾದ್ರೆ ಇಂಥ ಕಡೆ ಹಾಕ್ಬೇಕು.

ಸೋಮವಾರ ಝೂ. 8:30ಕ್ಕೆ ಬಾಗಿಲು ತೆಗೆಯೋ ಹೊತ್ತಿಗೇ ಅಲ್ಲಿರಿ, ಬ್ಯಾಗ್ ಎಲ್ಲಾ ಲಾಡ್ಜಿನ ರಿಸೆಪ್ಷನ್‌ನಲ್ಲಿ ಇಟ್ಟು ಹೋಗಿ. (ಮಂಗಳವಾರ ಝೂ ರಜೆ, ಯಾವತ್ತಾದ್ರೂ ದಿನ ಬದಲಾಯಿಸಿದ್ರೆ ನೆನಪಿರ್ಲಿ.) ಒಳಗೆ ಪೂರ್ತಿ ಸುತ್ತಿದ್ರೆ ಮೂರು ಕಿಲೋಮೀಟರ್‌ಗಿಂತ ಜಾಸ್ತಿ, ಅಮ್ಮ ನಡೆಯೋದು ಬೇಡ, ಬ್ಯಾಟರಿ ಗಾಡಿ ಇದೆ, ಟಿಕೆಟ್ ಕೌಂಟರಲ್ಲೇ ಅದಕ್ಕೂ ಕೇಳಿ, ತಡ ಮಾಡಿದ್ರೆ ಕಾಯ್ಬೇಕಾಗುತ್ತೆ. ನಿಮ್ಮ ಮಗ ನೋಡ್ಲೇಬೇಕಾದದ್ದು ಗೊರಿಲ್ಲಾಗಳು, 2021ರಲ್ಲಿ ಜರ್ಮನಿಯಿಂದ ಬಂದವು, ಬೆಳಗ್ಗೆ ಹೊತ್ತು ಓಡಾಡ್ಕೊಂಡಿರ್ತವೆ, ಮಧ್ಯಾಹ್ನ ಹೋದ್ರೆ ಮಲಗಿರೋ ಬೆನ್ನು ಮಾತ್ರ ಕಾಣೋದು. ಹನ್ನೊಂದೂವರೆ ಒಳಗೆ ಹೊರಗೆ ಬನ್ನಿ, ಲಾಡ್ಜ್ 24 ಗಂಟೆ ಲೆಕ್ಕದ್ದಾದ್ರೆ ಝೂಗೆ ಹೊರಡೋ ಮುಂಚೆಯೇ ರೂಮ್ ಖಾಲಿ ಮಾಡಿ ಬಿಲ್ ಮುಗಿಸಿಬಿಡಿ.

ವಾಪಸ್ ಬರೋಕೆ ಮಧ್ಯಾಹ್ನದ ಹೊತ್ತಿಗೆ ವಂದೇ ಭಾರತ್, ಶತಾಬ್ದಿ ಎರಡೂ ಇವೆ, ಬೆಂಗಳೂರಿಗೆ ಎರಡು ಗಂಟೆ ಚಿಲ್ಲರೆ. ಝೂ ನೋಡಿ, ಊಟ ಮಾಡಿ ಗಡಿಬಿಡಿ ಇಲ್ದೆ ಹತ್ಬೇಕು ಅಂದ್ರೆ ಎರಡರಲ್ಲಿ ಆಮೇಲೆ ಹೊರಡೋದನ್ನ ಹಿಡೀರಿ, ಟೈಮ್ ಆಗಾಗ ಬದಲಾಗುತ್ತೆ, ವಾರಕ್ಕೊಂದು ದಿನ ಓಡದೇ ಇರೋ ಟ್ರೈನೂ ಇರ್ತವೆ, ಬುಕ್ ಮಾಡೋವಾಗ ನೋಡ್ಕೊಳ್ಳಿ. ಇವು ಚೇರ್ ಕಾರ್, ಮಗನಿಗೆ ಪೂರ್ತಿ ಟಿಕೆಟ್. ಅಕಸ್ಮಾತ್ ಟ್ರೈನ್ ತಪ್ಪಿದ್ರೆ ಗಾಬರಿ ಬೇಡ, ಸಬ್‌ಅರ್ಬನ್ ಬಸ್ ಸ್ಟ್ಯಾಂಡಿಗೆ ಆಟೋ ಮಾಡಿ, ಬೆಂಗಳೂರು ಬಸ್ ಸಿಗ್ತಾನೇ ಇರುತ್ತೆ, ಸ್ಯಾಟಲೈಟ್ ಸ್ಟ್ಯಾಂಡಲ್ಲಿ ಇಳಿದ್ರೆ ನಿಮ್ಮ ಮನೆಗೆ ಮೆಟ್ರೋದಲ್ಲಿ ಎರಡೇ ಸ್ಟಾಪು. ಹತ್ತೋ ಮುಂಚೆ ಅಮ್ಮನಿಗೆ ಬಸ್ ಸ್ಟ್ಯಾಂಡಲ್ಲೇ ಟಾಯ್ಲೆಟ್ ಮುಗಿಸ್ಕೊಳ್ಳೋಕೆ ಹೇಳಿ, ಮುಂದಿನ ಬಾಗಿಲ ಹತ್ರದ ಸೀಟು ಹಿಡೀರಿ.